ಹಡಗಿನ ಬಸ್ಸೋ, ಬುಕ್ ಮಾಡಿದ ವ್ಯಾನೋ, ಊರಿನ ರೈಲೋ? ಕ್ರೂಸ್ ಬಂದರಿನಲ್ಲಿ ಇಳಿದ ಮೇಲಿನ ಲೆಕ್ಕ

ಕ್ರೂಸ್ ಹಡಗು ಬಂದರಿಗೆ ಬಂದಾಗ ಊರು ನೋಡಲು ಮೂರು ದಾರಿಗಳಿವೆ. ಹಡಗಿನ ಕಂಪನಿಯೇ ಮಾರುವ ಶೋರ್ ಎಕ್ಸ್‌ಕರ್ಷನ್, ಅಂದರೆ ಬಸ್ಸಿನ ಸುತ್ತಾಟ, ಒಂದು. ಆ ಊರಿನ ಗೈಡನ್ನೋ ವ್ಯಾನನ್ನೋ ನಾವೇ ಮುಂಚೆ ಗೊತ್ತು ಮಾಡಿಕೊಳ್ಳುವುದು ಇನ್ನೊಂದು. ರೈಲು, ಬಸ್ಸು, ಕಾಲುಗಳನ್ನು ನಂಬಿ ಹೊರಡುವುದು ಮೂರನೆಯದು. ಮೂರನ್ನೂ ಬೇರೆ ಬೇರೆ ಬಂದರುಗಳಲ್ಲಿ ಮಾಡಿ ನೋಡಿದ ಮೇಲೆ ನನ್ನ ಓಟು ಎರಡನೆಯದಕ್ಕೆ: ಎಂಟು ಜನ ಕೂರುವ ವ್ಯಾನು, ಊರಿನವರೇ ಆದ ಡ್ರೈವರು. ಆದರೆ ಈ ವ್ಯಾನು ಕೈಕೊಡುವ ಒಂದು ಜಾಗವಿದೆ, ಟೆಂಡರ್ ಬಂದರು, ಅಂದರೆ ಹಡಗಿನಿಂದ ದೋಣಿಯಲ್ಲಿ ದಡಕ್ಕೆ ಹೋಗಬೇಕಾದ ಬಂದರು. ಅದರ ಬಗ್ಗೆ ಉದ್ದಕ್ಕೇ ಹೇಳಬೇಕು. ಅದಕ್ಕೂ ಮೊದಲು ದುಡ್ಡಿನ ಮಾತು.

ಜಾಹೀರಾತಿನಲ್ಲಿ ಕಾಣುವ ಕ್ರೂಸ್ ದರ ಒಬ್ಬರದು, ಅದೂ ಒಂದು ಕ್ಯಾಬಿನ್‌ನಲ್ಲಿ ಇಬ್ಬರಿದ್ದರೆ. ಒಬ್ಬರೇ ಹೋದರೆ ಬಹಳಷ್ಟು ಕಂಪನಿಗಳು ಹೆಚ್ಚುಕಡಿಮೆ ಎರಡನೆಯವರ ದರವನ್ನೂ ಸೇರಿಸಿಯೇ ಬಿಲ್ ಮಾಡುತ್ತವೆ. ಅದರ ಮೇಲೆ ಬಂದರು ಶುಲ್ಕ, ತೆರಿಗೆ. ಅದರ ಮೇಲೆ ದಿನಾ ತಾನಾಗಿ ಕಡಿತವಾಗುವ ಟಿಪ್ಸ್. ಅಮೆರಿಕದ ದೊಡ್ಡ ಕಂಪನಿಗಳ ಸಾಮಾನ್ಯ ಕ್ಯಾಬಿನ್‌ಗಳಲ್ಲಿ ಇದು ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್, ಅಂದರೆ ಇಬ್ಬರಿಗೆ ಏಳು ರಾತ್ರಿಗೆ 224ರಿಂದ 280 ಡಾಲರ್. ಮಕ್ಕಳ ಲೆಕ್ಕದಲ್ಲೂ ಇದು ಬರುತ್ತದೆ. ಬಾರಿನ ಬಿಲ್ಲಿಗೆ ಮತ್ತೆ ಶೇ 18ರಿಂದ 20 ಸೇವಾಶುಲ್ಕ. ಡ್ರಿಂಕ್ಸ್ ಪ್ಯಾಕೇಜ್ ಬೇಕೆಂದರೆ ಹಲವು ಕಂಪನಿಗಳಲ್ಲಿ ಅದೇ ಕ್ಯಾಬಿನ್‌ನ ದೊಡ್ಡವರೆಲ್ಲರೂ ಕೊಳ್ಳಬೇಕು. ಒಬ್ಬರು ಕುಡಿಯದವರಿದ್ದರೆ ಲೆಕ್ಕ ಕೂಡುವುದೇ ಇಲ್ಲ. ವೈಫೈ ಬೇರೆ. ಹಡಗಿನ ಖಾತೆಗೆ ಡೆಬಿಟ್ ಕಾರ್ಡ್ ಜೋಡಿಸಬೇಡಿ. ಖರ್ಚಿನ ಅಂದಾಜಿಗೆ ಅವರು ಹಾಕುವ ತಡೆ ನಿಮ್ಮ ಬ್ಯಾಂಕ್ ಖಾತೆಯ ನಿಜವಾದ ಹಣವನ್ನು ಕೆಲವು ದಿನ ಕಟ್ಟಿಹಾಕುತ್ತದೆ. ಕ್ರೆಡಿಟ್ ಕಾರ್ಡಾದರೆ ಮಿತಿ ಮಾತ್ರ ಕಡಿಮೆಯಾಗುತ್ತದೆ.

ಇವುಗಳಲ್ಲಿ ಹೆಚ್ಚಿನವು ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವ ದೊಡ್ಡ ಖರ್ಚು ಎಂದರೆ ಬಂದರಿನ ಸುತ್ತಾಟ. ನಾಲ್ಕು ಬಂದರು, ನಾಲ್ಕು ಜನ ಎಂದರೆ ಹದಿನಾರು ಟಿಕೆಟ್. ಹಡಗಿನ ಬಸ್ಸಿಗೆ ತಲೆ ಲೆಕ್ಕ, ವ್ಯಾನಿಗೆ ಗಾಡಿ ಲೆಕ್ಕ. ಹೀಗಾಗಿ ನಾಲ್ಕರಿಂದ ಎಂಟು ಜನರಿದ್ದರೆ ವ್ಯಾನು ಸಾಮಾನ್ಯವಾಗಿ ಅಗ್ಗ, ಇಬ್ಬರಿದ್ದರೆ ಸರಿಸುಮಾರು ಸಮ, ಒಬ್ಬರೇ ಇದ್ದರೆ ದುಬಾರಿ. ಒಬ್ಬರೋ ಇಬ್ಬರೋ ಇರುವವರು ಅದೇ ಹಡಗಿನ ಇತರರ ಜೊತೆ ವ್ಯಾನು ಹಂಚಿಕೊಂಡರೆ ಮತ್ತೆ ಅಗ್ಗವಾಗುತ್ತದೆ. ಹಂಚಿಕೊಳ್ಳುವವರ ದುಡ್ಡನ್ನು ಮುಂಚೆಯೇ ಇಸಿದುಕೊಂಡಿರಿ. ಬೆಳಗ್ಗೆ ಒಬ್ಬರು ಬಾರದಿದ್ದರೆ ಉಳಿದವರ ಪಾಲು ಏರುತ್ತದೆ.

ಹಡಗಿನ ಬಸ್ಸಿನ ಬೆಳಗು ಹೀಗಿರುತ್ತದೆ. ಥಿಯೇಟರಿನಲ್ಲಿ ಸೇರಬೇಕು, ಎದೆಗೆ ನಂಬರಿನ ಸ್ಟಿಕ್ಕರ್ ಅಂಟಿಸಿಕೊಳ್ಳಬೇಕು, ನಂಬರ್ ಕೂಗುವವರೆಗೆ ಕೂತಿರಬೇಕು. ಬಸ್ಸಿನಲ್ಲಿ ನಲವತ್ತರಿಂದ ಐವತ್ತು ಜನ. ಪ್ರತಿ ನಿಲುಗಡೆಯಲ್ಲಿ ಎಲ್ಲರೂ ಇಳಿದು ಹತ್ತುವುದಕ್ಕೇ ಹತ್ತು ಹದಿನೈದು ನಿಮಿಷ, ಶೌಚಾಲಯದ ಸಾಲಿಗೆ ಇನ್ನಷ್ಟು. ಕಾರ್ಪೆಟ್, ಒಡವೆ, ಚರ್ಮದ ಅಂಗಡಿಗೊಂದು ‘ಕಾರ್ಯಾಗಾರ ಭೇಟಿ’ ಸೇರಿಕೊಂಡಿದ್ದರೆ ಅರ್ಧ ಮುಕ್ಕಾಲು ಗಂಟೆ ಅಲ್ಲೇ ಹೋಯಿತು. ವಿವರಣೆಯನ್ನು ಪೂರ್ತಿ ಓದಿ. ‘ಹಾದಿಯಲ್ಲಿ ನೋಟ’ ಎಂದಿದ್ದರೆ ಬಸ್ಸು ಅಲ್ಲಿ ನಿಲ್ಲುವುದಿಲ್ಲ, ಕಿಟಕಿಯಿಂದ ನೋಡಬೇಕು ಅಷ್ಟೆ.

ಹಾಗಿದ್ದೂ ಹಡಗಿನವರು ಬೇರೆ ಯಾರೂ ಕೊಡಲಾಗದ ಒಂದನ್ನು ಮಾರುತ್ತಾರೆ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಕಾಯಲು ಸಾಧ್ಯವೇ ಇಲ್ಲದಿದ್ದರೆ ಮುಂದಿನ ಬಂದರಿಗೆ ಅವರ ಖರ್ಚಿನಲ್ಲೇ ತಲುಪಿಸುತ್ತಾರೆ. ನಿಮ್ಮ ವ್ಯಾನು ತಡವಾದರೆ ಹಡಗು ಹೊರಟುಹೋಗುತ್ತದೆ. ವಿಮಾನದ ಟಿಕೆಟ್, ಹೋಟೆಲ್, ಬೇಕಾದರೆ ಮುಂದಿನ ದೇಶದ ವೀಸಾ ಎಲ್ಲವೂ ನಿಮ್ಮ ತಲೆಯ ಮೇಲೆ. ಕೆಲವು ಸ್ಥಳೀಯ ಏಜೆನ್ಸಿಗಳೂ ‘ಹಡಗಿಗೆ ತಲುಪಿಸುವ ಗ್ಯಾರಂಟಿ’ ಎಂದು ಬರೆದುಕೊಳ್ಳುತ್ತವೆ. ಅದರ ಅರ್ಥ ಹಡಗು ಕಾಯುತ್ತದೆ ಎಂದಲ್ಲ. ತಪ್ಪು ಅವರದಾದರೆ ಮುಂದಿನ ಬಂದರಿನವರೆಗಿನ ಪ್ರಯಾಣಕ್ಕೆ ದುಡ್ಡು ಕೊಡುತ್ತಾರೆ ಎಂದಷ್ಟೇ. ಟ್ರಾಫಿಕ್ ಯಾರ ತಪ್ಪು ಎಂಬುದನ್ನು ಬುಕ್ ಮಾಡುವ ಮುಂಚೆಯೇ ಕೇಳಿ, ಉತ್ತರವನ್ನು ಬರಹದಲ್ಲಿ ಇಟ್ಟುಕೊಳ್ಳಿ.

ಈಗ ಟೆಂಡರ್. ಆಳ ಸಾಲದ ಕಡೆ ಅಥವಾ ದೊಡ್ಡ ಧಕ್ಕೆ (ಹಡಗು ಕಟ್ಟುವ ಕಟ್ಟೆ) ಇಲ್ಲದ ಕಡೆ ಹಡಗು ದೂರದಲ್ಲಿ ಲಂಗರು ಹಾಕುತ್ತದೆ, ಜನರನ್ನು ಟೆಂಡರ್ ಎಂಬ ಸಣ್ಣ ದೋಣಿಗಳಲ್ಲಿ ದಡಕ್ಕೆ ಒಯ್ಯುತ್ತಾರೆ. ಗ್ರ್ಯಾಂಡ್ ಕೇಮನ್‌ನ ಜಾರ್ಜ್ ಟೌನ್, ಬೆಲೀಝ್ ಸಿಟಿ, ಫ್ರಾನ್ಸಿನ ವಿಲ್‌ಫ್ರಾಂಶ್, ಗ್ರೀಸಿನ ಸಾಂಟೊರಿನಿ ಇಂಥವು. ಬೆಲೀಝ್‌ನಲ್ಲಿ ಸಮುದ್ರ ಎಷ್ಟು ಆಳವಿಲ್ಲದ್ದೆಂದರೆ ದೋಣಿ ಪ್ರಯಾಣವೇ ಸುಮಾರು ಇಪ್ಪತ್ತು ನಿಮಿಷ ಹಿಡಿಯುತ್ತದೆ. ದೋಣಿ ಹತ್ತಲು ಸರದಿ ಇದೆ. ಮೊದಲು ಹಡಗಿನ ಎಕ್ಸ್‌ಕರ್ಷನ್ ಕೊಂಡವರು, ಜೊತೆಗೆ ಸೂಟ್ ಎಂಬ ದುಬಾರಿ ಕೋಣೆಗಳವರು ಮತ್ತು ಅದೇ ಕಂಪನಿಯಲ್ಲಿ ಹತ್ತಾರು ಸಲ ಹೋದವರು. ಉಳಿದವರು ಲೌಂಜಿನಲ್ಲಿ ಟೆಂಡರ್ ಟಿಕೆಟ್ ತೆಗೆದುಕೊಂಡು ನಂಬರಿಗೆ ಕಾಯಬೇಕು. ಕಾರ್ಯಕ್ರಮದ ಹಾಳೆಯಲ್ಲಿ ‘ಆಗಮನ 8:00’ ಎಂದಿದ್ದರೆ ಅದು ಲಂಗರು ಹಾಕುವ ಸಮಯ. ಸ್ವಂತವಾಗಿ ಹೊರಟವರು ದಡ ಮುಟ್ಟುವುದು 9:30 ಆದರೂ ಆಶ್ಚರ್ಯವಿಲ್ಲ. ಅಷ್ಟರಲ್ಲಿ 8:30ಕ್ಕೆ ಗೊತ್ತು ಮಾಡಿದ ವ್ಯಾನಿನ ಮೀಟರ್ ಒಂದು ಗಂಟೆ ಓಡಿರುತ್ತದೆ.

ಸಾಂಟೊರಿನಿಯಲ್ಲಿ ಇದು ಎರಡು ಪಟ್ಟು ಕಾಡುತ್ತದೆ, ಯಾಕೆಂದರೆ ದೋಣಿ ಇಳಿಸುವ ಜಾಗಗಳೇ ಎರಡು. ಹಡಗಿನ ಬಸ್ಸಿನವರನ್ನು ಸಾಮಾನ್ಯವಾಗಿ ಅಥಿನಿಯೋಸ್ ಬಂದರಿಗೆ ಒಯ್ಯುತ್ತಾರೆ. ಅಲ್ಲಿ ರಸ್ತೆ ಇದೆ, ಬಸ್ಸು ಕಾದಿರುತ್ತದೆ. ಉಳಿದವರನ್ನು ಫಿರಾ ಊರಿನ ಬಂಡೆಯ ಬುಡದ ಹಳೆ ಬಂದರಿಗೆ ಬಿಡುತ್ತಾರೆ. ಅಲ್ಲಿಗೆ ವ್ಯಾನು ಬರುವುದಿಲ್ಲ, ರಸ್ತೆಯೇ ಇಲ್ಲ. ಮೇಲೆ ಹೋಗಲು ಕೇಬಲ್ ಕಾರು, ಇಲ್ಲವೇ ಆರುನೂರರ ಹತ್ತಿರದ ಮೆಟ್ಟಿಲು. ಮೆಟ್ಟಿಲುಗಳ ಮೇಲೆ ಕತ್ತೆಗಳೂ ಓಡಾಡುವುದರಿಂದ ಕಲ್ಲು ಜಾರುತ್ತದೆ, ಲದ್ದಿ ಬಿದ್ದಿರುತ್ತದೆ. ಮಂಡಿನೋವಿನವರು ಆ ಯೋಚನೆಯನ್ನೇ ಬಿಡಿ. ಕೇಬಲ್ ಕಾರಿನಲ್ಲಿ ಆರು ಜನರ ಆರು ಡಬ್ಬಿ, ಸಲಕ್ಕೆ 36 ಜನ, ಏರಲು ಮೂರು ನಿಮಿಷ. ಕೇಳಲು ಚುರುಕೇ. ಆದರೆ 3,000 ಜನರ ಒಂದೇ ಹಡಗನ್ನು ಮೇಲೆ ಒಯ್ಯಲು ಅದು 84 ಸಲ ಏರಬೇಕು, ಬೇಸಿಗೆಯಲ್ಲಿ ಒಂದೇ ದಿನ ಹಲವು ಹಡಗುಗಳು ಬಂದಿರುತ್ತವೆ.

ಅಥಿನಿಯೋಸ್‌ನಲ್ಲಿ ಕಾಯುತ್ತೇನೆ ಎನ್ನುವ ವ್ಯಾನಿನವರನ್ನು ಒಪ್ಪಬೇಡಿ. ಭೇಟಿಯ ಜಾಗ ಫಿರಾದ ಕೇಬಲ್ ಕಾರಿನ ಮೇಲಿನ ನಿಲ್ದಾಣದ ಹೊರಗೆ, ಸಮಯ ಲಂಗರು ಹಾಕಿದ ಎರಡು ಗಂಟೆಯ ನಂತರ. ವಾಪಸ್ಸಿನಲ್ಲಿ ಎಲ್ಲರಿಗೂ ಅದೇ ಕೇಬಲ್ ಕಾರು. ಹಡಗಿನ ಬಸ್ಸಿನವರನ್ನೂ ಸಾಮಾನ್ಯವಾಗಿ ಫಿರಾದಲ್ಲೇ ಇಳಿಸುತ್ತಾರೆ, ಹಾಗಾಗಿ ಇಳಿಯುವ ಸಾಲಿನಲ್ಲಿ ಅವರಿಗೂ ರಿಯಾಯಿತಿ ಇಲ್ಲ. ಕೊನೆಯ ಟೆಂಡರಿಗೆ ಎರಡು ಗಂಟೆ ಮುಂಚೆ ಸಾಲಿನಲ್ಲಿ ನಿಂತಿರಬೇಕು. ಈ ಬಂದರಿನ ಖರ್ಚಿಗೆ ಇನ್ನೊಂದು ಸೇರಿದೆ: ಸಾಂಟೊರಿನಿ ಮತ್ತು ಮಿಕೊನೊಸ್‌ಗಳಲ್ಲಿ ಇಳಿಯುವ ಕ್ರೂಸ್ ಪ್ರಯಾಣಿಕರಿಗೆ ಗ್ರೀಸ್ 2025ರ ಜುಲೈನಿಂದ ಶುಲ್ಕ ಹಾಕಿದೆ, ಬೇಸಿಗೆಯಲ್ಲಿ ತಲೆಗೆ 20 ಯೂರೊ.

ಟೆಂಡರಿನ ಕೊನೆಯ ತಕರಾರು ಗಾಳಿ. ಅಲೆ ಎದ್ದರೆ ಹಡಗಿಗೂ ದೋಣಿಗೂ ನಡುವಿನ ಮೆಟ್ಟಿಲು ಮೇಲೆ ಕೆಳಗೆ ಕುಣಿಯುತ್ತದೆ. ಗಾಲಿಕುರ್ಚಿಯವರನ್ನು ಹತ್ತಿಸಲು ಸಿಬ್ಬಂದಿ ಒಪ್ಪದಿರಬಹುದು, ಕ್ಯಾಪ್ಟನ್ ಇಡೀ ಬಂದರನ್ನೇ ಕೈಬಿಡಬಹುದು. ಹಾಗಾದರೆ ಹಡಗಿನ ಎಕ್ಸ್‌ಕರ್ಷನ್ ದುಡ್ಡು ತಾನಾಗಿ ವಾಪಸ್. ಸ್ವಂತ ಬುಕಿಂಗಿನಲ್ಲಿ ‘ಹಡಗು ಬಾರದಿದ್ದರೆ ದುಡ್ಡು ಕೊಡಬೇಕಿಲ್ಲ’ ಎಂಬ ಷರತ್ತು ಇದ್ದರೆ ಮಾತ್ರ ವಾಪಸ್. ಈ ಷರತ್ತಿಲ್ಲದ ಕಡೆ ಮುಂಗಡ ಕಟ್ಟಲೇಬಾರದು, ಟೆಂಡರ್ ಬಂದರಿಗಂತೂ ಖಂಡಿತ ಬೇಡ.

ಗಡಿಯಾರದ ಬಗ್ಗೆ. ‘ಆಲ್ ಅಬೋರ್ಡ್’ ಎಂದರೆ ಎಲ್ಲರೂ ಹಡಗಿನೊಳಗೆ ಇರಬೇಕಾದ ಸಮಯ. ಅದು ಹಡಗು ಹೊರಡುವ ಸಮಯವಲ್ಲ, ಅದಕ್ಕೆ ಸಾಮಾನ್ಯವಾಗಿ ಅರ್ಧ ಗಂಟೆ ಮುಂಚಿನದು, ಮತ್ತು ಅದನ್ನು ಹೇಳುವುದು ಹಡಗಿನ ಗಡಿಯಾರದಲ್ಲಿ. ಮೆಕ್ಸಿಕೊದ ಕೊಝುಮೆಲ್ ಇದಕ್ಕೆ ಸರಿಯಾದ ಉದಾಹರಣೆ. ಆ ದ್ವೀಪವಿರುವ ಕಿಂತಾನಾ ರೂ ರಾಜ್ಯ 2015ರಿಂದ ವರ್ಷವಿಡೀ ಒಂದೇ ಸಮಯ ಇಟ್ಟುಕೊಂಡಿದೆ. ಫ್ಲೋರಿಡಾ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುತ್ತದೆ. ಮಯಾಮಿಯಿಂದ ಬಂದ ಹಡಗು ಫ್ಲೋರಿಡಾ ಸಮಯವನ್ನೇ ಉಳಿಸಿಕೊಂಡಿದ್ದರೆ, ಹಡಗಿನಲ್ಲಿ 4:30 ಆದಾಗ ನಿಮ್ಮ ಫೋನು ಕೊಝುಮೆಲ್‌ನ ಸಿಗ್ನಲ್ ಹಿಡಿದು 3:30 ತೋರಿಸುತ್ತದೆ. ಧಕ್ಕೆಯ ಮೇಲೆ ಓಡಿಬರುವವರಲ್ಲಿ ಕೆಲವರು ಸೋಮಾರಿಗಳಲ್ಲ, ಫೋನ್ ನಂಬಿದವರು. ಕೈಗೆ ಮುಳ್ಳಿನ ಗಡಿಯಾರ ಕಟ್ಟಿ, ಹಡಗಿನ ಸಮಯಕ್ಕೆ ಹೊಂದಿಸಿ, ಇಳಿಯುವಾಗ ಗ್ಯಾಂಗ್‌ವೇ (ಹಡಗಿನಿಂದ ಇಳಿಯುವ ಹಲಗೆ ದಾರಿ) ಬಳಿಯ ಬೋರ್ಡಿನ ಫೋಟೊ ತೆಗೆದುಕೊಳ್ಳಿ. ಡ್ರೈವರಿಗೂ ಸಮಯ ಹೇಳುವಾಗ ಊರಿನ ಸಮಯಕ್ಕೆ ಬದಲಿಸಿ ಹೇಳಬೇಕು.

ಮೂರನೆಯ ದಾರಿ, ರೈಲು. ಇಟಲಿಯಲ್ಲಿ ಇದಕ್ಕೆ ಸಾಟಿಯಾದ ಅಗ್ಗದ ದಾರಿ ಇಲ್ಲ. ರೋಮ್‌ಗೆ ಬರುವ ಹಡಗುಗಳು ನಿಲ್ಲುವುದು ಸುಮಾರು 70 ಕಿ.ಮೀ. ದೂರದ ಚಿವಿತಾವೆಕ್ಕಿಯಾದಲ್ಲಿ. ಬಂದರಿನ ಬಸ್ಸು ಲಾರ್ಗೊ ದೆಲ್ಲಾ ಪಾಚೆ ಎಂಬ ನಿಲುಗಡೆಗೆ ಬಿಡುತ್ತದೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲೋ ನಡೆದೋ ರೈಲು ನಿಲ್ದಾಣ, ನಂತರ ಪ್ರಾದೇಶಿಕ ರೈಲಿನಲ್ಲಿ ರೋಮ್ ತೆರ್ಮಿನಿಗೆ ಒಂದೂಕಾಲು ಗಂಟೆಯ ಆಸುಪಾಸು. ವ್ಯಾಟಿಕನ್ ಮಾತ್ರ ಸಾಕೆಂದರೆ ಮುಂಚೆಯೇ ಸಾನ್ ಪಿಯೆತ್ರೊದಲ್ಲಿ ಇಳಿದುಬಿಡಿ. ಕಾಗದದ ಟಿಕೆಟನ್ನು ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಹಾಕಿಸದಿದ್ದರೆ ದಂಡ. ನೇಪಲ್ಸ್‌ನಲ್ಲಿ ಹಡಗು ಊರಿನ ಎದೆಗೇ ಬಂದು ನಿಲ್ಲುತ್ತದೆ: ಮುನಿಚಿಪಿಯೊ ನಿಲ್ದಾಣದಿಂದ ಮೆಟ್ರೊದಲ್ಲಿ ಗಾರಿಬಾಲ್ದಿ, ಅಲ್ಲಿಂದ ಸೊರೆಂಟೊ ಕಡೆಯ ಚಿರ್ಕುಮ್‌ವೆಸುವಿಯಾನಾ ಎಂಬ ಸ್ಥಳೀಯ ರೈಲಿನಲ್ಲಿ ಸುಮಾರು ನಲವತ್ತು ನಿಮಿಷಕ್ಕೆ ಪೊಂಪೇಯಿ ಸ್ಕಾವಿ, ಪ್ರಾಚೀನ ಪೊಂಪೇಯಿಯ ಅವಶೇಷಗಳ ನಿಲ್ದಾಣ. ಬರೀ ‘ಪೊಂಪೇಯಿ’ ಎಂಬ ಹೆಸರಿನ ಬೇರೆ ನಿಲ್ದಾಣವೂ ಇದೆ, ಅದು ಮುಖ್ಯ ಬಾಗಿಲಿಂದ ದೂರ. 2024ರ ನವೆಂಬರಿನಿಂದ ಪೊಂಪೇಯಿಗೆ ದಿನಕ್ಕೆ 20,000 ಜನರ ಮಿತಿ ಇದೆ, ಟಿಕೆಟ್ ಹೆಸರಿನ ಮೇಲೆ. ಮುಂಚೆಯೇ ಕೊಂಡು ಗುರುತಿನ ಚೀಟಿ ಇಟ್ಟುಕೊಳ್ಳಿ.

ರೈಲಿನ ಗುಂಡಿ ಮುಷ್ಕರ. ಇಟಲಿಯಲ್ಲಿ ಮುಷ್ಕರದ ದಿನವೂ ಕೆಲಸದ ದಿನಗಳಲ್ಲಿ ಬೆಳಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9ರವರೆಗೆ ಪ್ರಾದೇಶಿಕ ರೈಲು ಓಡಿಸಬೇಕೆಂಬ ಕಟ್ಟುಪಾಡಿದೆ. ಕ್ರೂಸ್‌ನವರಿಗೆ ಇದು ಅಪಾಯವೇ. ಬೆಳಗಿನ ರೈಲು ಸಲೀಸಾಗಿ ಸಿಗುತ್ತದೆ, ಎಲ್ಲ ಸರಿಯಿದೆ ಎನಿಸುತ್ತದೆ, ಮಧ್ಯಾಹ್ನ 3ಕ್ಕೆ ವಾಪಸ್ ಹೊರಟಾಗ ಬೋರ್ಡಿನ ತುಂಬ ರದ್ದು. ಸಂಜೆ 6ರ ರೈಲಿಗೆ ಕಾದರೆ 6:30ರ ಆಲ್ ಅಬೋರ್ಡ್ ತಪ್ಪಿಹೋಗುತ್ತದೆ. ಮುಷ್ಕರಗಳನ್ನು ಮೊದಲೇ ಘೋಷಿಸಿರುತ್ತಾರೆ. ಹಿಂದಿನ ರಾತ್ರಿ ಮುಷ್ಕರಕ್ಕೆ ಇಟಾಲಿಯನ್‌ನಲ್ಲಿರುವ ‘ಶೋಪೆರೊ’ (sciopero) ಎಂಬ ಪದ ಹಾಕಿ ಆ ದಿನಾಂಕವನ್ನು ಹುಡುಕುವುದಕ್ಕೆ ಎರಡು ನಿಮಿಷ ಸಾಕು. ಮುಷ್ಕರವಿದ್ದರೆ ರೋಮ್ ಬಿಟ್ಟು ಚಿವಿತಾವೆಕ್ಕಿಯಾದಲ್ಲೇ ಉಳಿಯಿರಿ, ಅಥವಾ ಹಡಗಿನ ಬಸ್ಸಿನಲ್ಲಿ ಸೀಟಿದೆಯೇ ಕೇಳಿ.

ವ್ಯಾನು ಬುಕ್ ಮಾಡುವಾಗ ಬರೆಯಬೇಕಾದ್ದು: ಹಡಗಿನ ಹೆಸರು, ದಿನಾಂಕ, ಆಗಮನ, ಆಲ್ ಅಬೋರ್ಡ್, ಕಟ್ಟುವ ಧಕ್ಕೆಯ ಹೆಸರು. ಬಹಳ ಬಂದರುಗಳಲ್ಲಿ ಖಾಸಗಿ ಗಾಡಿಯನ್ನು ಭದ್ರತಾ ಗೇಟಿನೊಳಗೆ ಬಿಡುವುದಿಲ್ಲ, ಆದ್ದರಿಂದ ಯಾವ ಗೇಟಿನ ಹೊರಗೆ ಎಂದು ಕೇಳಿ, ಡ್ರೈವರಿನ ವಾಟ್ಸಾಪ್ ನಂಬರ್ ಇಸಿದುಕೊಳ್ಳಿ. ದೂರದ ಜಾಗವನ್ನು ಬೆಳಗ್ಗೆಯೇ ಮುಗಿಸಿ, ಬಂದರಿಗೆ ಹತ್ತಿರದ್ದನ್ನು ಕೊನೆಗೆ ಇಡಿ. ಪಾಸ್‌ಪೋರ್ಟನ್ನು ಹಡಗಿನವರು ಇಟ್ಟುಕೊಂಡಿದ್ದರೆ ಅದರ ಫೋಟೊ, ಬಂದರು ಏಜೆಂಟಿನ (ಆ ಊರಿನಲ್ಲಿರುವ ಹಡಗಿನ ಪ್ರತಿನಿಧಿ) ಫೋನ್ ನಂಬರ್, ಒಂದು ಕ್ರೆಡಿಟ್ ಕಾರ್ಡು ಜೇಬಿನಲ್ಲಿರಲಿ. ಏಜೆಂಟಿನ ನಂಬರ್ ದಿನದ ಕಾರ್ಯಕ್ರಮದ ಹಾಳೆಯಲ್ಲಿ ಇರುತ್ತದೆ, ಜನ ಆ ಹಾಳೆಯನ್ನು ಕ್ಯಾಬಿನ್‌ನಲ್ಲೇ ಬಿಟ್ಟು ಬರುತ್ತಾರೆ.

ನನಗೆ ಒಂದೇ ಜಾಗದಲ್ಲಿ ಎರಡು ಗಂಟೆ ಕಳೆಯುವುದು ಇಷ್ಟ, ಅಂಗಡಿ ಬೇಡ, ಜೊತೆಗೆ ಸಾಮಾನ್ಯವಾಗಿ ಮೂವರು ನಾಲ್ವರು ಇರುತ್ತಾರೆ. ಹಾಗಾಗಿ ಧಕ್ಕೆಗೆ ಕಟ್ಟುವ ಬಂದರು, ಒಂದೂವರೆ ಗಂಟೆಯೊಳಗಿನ ದಾರಿ, ಎಂಟು ಗಂಟೆಗಿಂತ ಹೆಚ್ಚಿನ ನಿಲುಗಡೆ ಇದ್ದರೆ ವ್ಯಾನು. ನೇಪಲ್ಸ್‌ನಂತೆ ಊರೊಳಗೇ ಇಳಿಸುವ ಕಡೆ ರೈಲು. ಟೆಂಡರ್ ಬಂದರಿನಲ್ಲಿ ನಿಲುಗಡೆ ಆರು ಗಂಟೆಗಿಂತ ಕಡಿಮೆಯಿದ್ದರೆ ಹೆಚ್ಚು ದುಡ್ಡು ಕೊಟ್ಟಾದರೂ ಹಡಗಿನ ಬಸ್ಸು, ಅದೂ ಬೆಳಗಿನ ಮೊದಲ ಹೊತ್ತಿನವುಗಳಲ್ಲಿ ಅತಿ ಅಗ್ಗದ್ದು. ಮೊದಲ ದೋಣಿಗಳಲ್ಲಿ ಜಾಗ ಸಿಗುವುದಕ್ಕೆ ಅಷ್ಟೇ ಸಾಕು.