ಹರ್ನಿಯಾ ಆಪರೇಷನ್ ನೋವಿಗೆ ಟ್ರಮಡಾಲಾ, ಅಸೆಕ್ಲೋಫೆನಾಕಾ?

ಮೊದ್ಲೇ ಹೇಳ್ಬಿಡ್ತೀನಿ, ನನ್ ಓಟು ಅಸೆಕ್ಲೋಫೆನಾಕ್-ಪ್ಯಾರಸಿಟಮಾಲ್ ಮಾತ್ರೆಗೆ. ಮಲ್ಲೇಶ್ವರದ ಕಡೆ ಒಂದು ನರ್ಸಿಂಗ್ ಹೋಮಲ್ಲಿ ಹರ್ನಿಯಾಗೆ ಮೆಶ್ (ಒಳಗೆ ಹೊಲಿಯೋ ಬಲೆ) ಹಾಕಿಸ್ಕೊಂಡು ಬಂದೆ, ಚೀಟೀಲಿ ಟ್ರಮಡಾಲ್ 37.5 ಜೊತೆ ಪ್ಯಾರಸಿಟಮಾಲ್ 325 ಇರೋ ಮಾತ್ರೆ ಬರ್ದಿದ್ರು, ಆಮೇಲೆ ಡಾಕ್ಟ್ರೇ ಅದನ್ನ ನಿಲ್ಸಿ ಇದನ್ನ ಕೊಟ್ರು, ಹಂಗಾಗಿ ಎರಡೂ ನೋಡ್ದಂಗಾಯ್ತು.

ಟ್ರಮಡಾಲ್ ಕೆಲ್ಸ ಮಾಡಲ್ಲ ಅಂತಲ್ಲ. ಬೆನ್ನಿಗೆ ಕೊಟ್ಟ ಅನಸ್ತೇಸಿಯಾ ಇಳಿದ ರಾತ್ರಿ ಕೈಹಿಡಿದಿದ್ದು ಅದೇ. ಆದ್ರೆ ನೋವು ಇದ್ದಲ್ಲೇ ಇರತ್ತೆ, ನಮಗೆ ಮಾತ್ರ "ಇರ್ಲಿ ಬಿಡು" ಅನ್ಸತ್ತೆ. ಟ್ರಮಡಾಲ್ ಓಪಿಯಾಯ್ಡ್, ಅಂದ್ರೆ ಅಫೀಮಿನ ಜಾತಿಯ ನೋವಿನ ಔಷಧಿ, ಅದು ಮೆದುಳು, ಬೆನ್ನುಹುರಿ ಕಡೆ ಕೆಲ್ಸ ಮಾಡೋದು, ಗಾಯದ ಊತ ಅದಕ್ಕೆ ಸಂಬಂಧಾನೇ ಇಲ್ಲ. ಅಸೆಕ್ಲೋಫೆನಾಕ್ ನೋವು, ಊತ ತರೋ ಪ್ರೊಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕ ತಯಾರಾಗೋದನ್ನೇ ತಡೆಯತ್ತೆ, ಊತಾನೂ ಇಳಿಯತ್ತೆ.

ಅಸಲಿ ಪೀಕಲಾಟ ಶುರುವಾಗಿದ್ದು ಬಾತ್‌ರೂಮಲ್ಲಿ. ಓಪಿಯಾಯ್ಡ್ ಹೋಗಿ ಅಂಟ್ಕೊಳೋ ರಿಸೆಪ್ಟರ್‌ಗಳು ಕರುಳಲ್ಲೂ ಇವೆ, ಮಾತ್ರೆ ಹೋಗಿ ಅಲ್ಲೂ ಕೂತ್ಕೊಂಡು ಕರುಳನ್ನ ಮಲಗಿಸ್ಬಿಡತ್ತೆ. ಮೋಶನ್ ಇಲ್ಲ. ಡಾಕ್ಟ್ರು ಬೇರೆ "ತಿಣುಕಬೇಡಿ, ಹೊಲಿಗೆ ಮೇಲೆ ಒತ್ತಡ ಬೀಳತ್ತೆ" ಅಂತ ಹೇಳಿ ಕಳ್ಸಿದಾರೆ, ತಿಣುಕ್ದೇ ಇದ್ರೆ ಮೋಶನ್ ಆಗಲ್ಲ, ತಿಣುಕಿದ್ರೆ ತೊಡೆಸಂದು ಹರ್ದೋಗತ್ತೇನೋ ಅನ್ನೋ ಭಯ, ಕಮೋಡ್ ಮೇಲೆ ದಿಂಬು ಹೊಟ್ಟೆಗೆ ಒತ್ಕೊಂಡು ಕೂತಿದೀನಿ, ಹೊರಗಿಂದ ಅಮ್ಮ "ಆಯ್ತೇನೋ?" ಅಂತ.

ಅಮ್ಮ ಪರಂಗಿ ಹಣ್ಣು, ನೆನೆಸಿದ ಒಣದ್ರಾಕ್ಷಿ, ಬಿಸಿನೀರು ಎಲ್ಲಾ ಕೊಟ್ಟಾಯ್ತು. ಇಸಬ್‌ಗೋಲ್ ಕುಡಿದ್ಮೇಲಂತೂ ಹೊಟ್ಟೆ ಇನ್ನೂ ಉಬ್ಬರ. ಫೋನ್ ಮಾಡಿದ್ರೆ ಡಾಕ್ಟ್ರು ಅಂದ್ರು, ಕರುಳೇ ಅಲ್ಲಾಡ್ದೇ ಇರೋವಾಗ ಒಳಗೆ ನಾರು ತುಂಬಿದ್ರೆ ಅದೂ ಅಲ್ಲೇ ನಿಲ್ಲತ್ತೆ, ಕರುಳು ಕದಲಿಸೋ ಔಷಧಿ ಬೇಕು ಅಂತ. ವಾಕರಿಕೆ ದಿನ ಕಳೀತಾ ಕಮ್ಮಿಯಾಗತ್ತಂತೆ, ಈ ಮಲಬದ್ಧತೆ ಮಾತ್ರ ಮಾತ್ರೆ ಇರೋವರೆಗೂ ಬಿಡಲ್ವಂತೆ. ಅವತ್ತೇ ಮಾತ್ರೆ ಬದಲಾಯ್ತು.

ತಲೆಸುತ್ತು: ಟ್ರಮಡಾಲಲ್ಲಿ ಇತ್ತು, ಇದ್ರಲ್ಲಿ ಇಲ್ಲ.

ಮೆಡಿಕಲ್ ಸ್ಟೋರಲ್ಲಿ ಟ್ರಮಡಾಲ್‌ಗೆ ಚೀಟಿ ನೋಡಿ ಹೆಸ್ರು ರಿಜಿಸ್ಟರಲ್ಲಿ ಬರ್ಕೋತಾರೆ, 2018ರಿಂದ ಎನ್‌ಡಿಪಿಎಸ್ ಕಾಯ್ದೆ (ಮಾದಕವಸ್ತು ಕಾಯ್ದೆ) ಕೆಳಗೆ ಬಂದಿರೋ ಔಷಧಿ ಅದು. ಅಸೆಕ್ಲೋಫೆನಾಕ್ ಮಾತ್ರೆ ಜನೌಷಧಿ ಕೇಂದ್ರದಲ್ಲೇ ಸಿಗತ್ತೆ, ಅಗ್ಗ.

ಆದ್ರೆ ನನಗೆ ಬಿಪಿ ಇಲ್ಲ, ಕಿಡ್ನಿ ಸರಿ ಇದೆ, ಅಲ್ಸರ್ ಇಲ್ಲ, ತಿಂಡಿ ತಪ್ಸಲ್ಲ, ಅದಕ್ಕೇ ಅಸೆಕ್ಲೋಫೆನಾಕ್ ನಡೀತು. ನಮ್ಮಪ್ಪಂಗೆ ಕ್ರಿಯಾಟಿನಿನ್ ಜಾಸ್ತಿ, ಅಂದ್ರೆ ಕಿಡ್ನಿ ವೀಕು, ಅವ್ರಿಗೆ ಈ ಜಾತಿ ಮಾತ್ರೆ ಮುಟ್ಟಲೇಬಾರ್ದು ಅಂದಿದಾರೆ, ಅವ್ರ ವಿಷ್ಯದಲ್ಲಿ ಟ್ರಮಡಾಲೇ ಗೆಲ್ಬೋದು, ಅದೂ ಕಮ್ಮಿ ಡೋಸಲ್ಲಿ, ಡಾಕ್ಟ್ರು ಹೇಳ್ದಂಗೆ.

ಇನ್ನೊಂದು, ಎರಡ್ರಲ್ಲೂ ಪ್ಯಾರಸಿಟಮಾಲ್ ಇದೆ. ಮೈ ಬೆಚ್ಚಗಾದ್ರೆ ಸಾಕು ಡೋಲೋ 650 ಬಾಯಿಗೆ ಹಾಕ್ಕೊಳೋ ಊರು ನಮ್ದು, ಅದೂ ಪ್ಯಾರಸಿಟಮಾಲೇ, ಅದನ್ನೂ ಸೇರಿಸಿ ಲೆಕ್ಕ ಹಾಕಿ, ದೊಡ್ಡವ್ರಿಗೂ ದಿನಕ್ಕೆ 4 ಗ್ರಾಂ ದಾಟಬಾರ್ದು.