ಕಾರವಾರದಲ್ಲಿ ಮೀನೂಟ: ಖಾನಾವಳಿಯೋ, ದೊಡ್ಡ ಹೋಟೆಲೋ, ಮಾರ್ಕೆಟ್ಟೋ?

ಕಾರವಾರಕ್ಕೆ ಹೋದರೆ ಮೀನು ಎಲ್ಲಿ ತಿನ್ನೋದು ಅಂತ ಕೇಳಿದ್ದೀರಿ. ಅದು ಜೇಬಿಗಿಂತ ಜಾಸ್ತಿ, ಯಾರ ಜೊತೆ ಹೋಗ್ತೀರಿ ಅನ್ನೋದರ ಮೇಲಿದೆ.

ರುಚಿಯೇ ಮುಖ್ಯ ಅಂದರೆ ಸಣ್ಣ ಖಾನಾವಳಿ. ತಟ್ಟೆಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಹುರಿದ ಒಂದು ತುಂಡು, ಪಕ್ಕದಲ್ಲಿ ಕೋಕಂ, ತೆಂಗಿನ ಹಾಲು ಸೇರಿಸಿ ಮಾಡಿದ ಗುಲಾಬಿ ಬಣ್ಣದ ಪಾನೀಯ ಸೋಲ್ ಕಡಿ. ಸಾರಿನಲ್ಲಿ ಜುಮ್ಮನಕಾಯಿ (ಮೀನು ಸಾರಿಗೆ ಹಾಕುವ ಒಂದು ಮಸಾಲೆ ಕಾಯಿ) ಸಿಕ್ಕರೆ ಅಗಿಯಬೇಡಿ, ನಾಲಿಗೆ ಜುಮ್ಮೆನ್ನುತ್ತದೆ! ಖರ್ಚೂ ಕಡಿಮೆ. ಆದರೆ ಮಧ್ಯಾಹ್ನ ತಡವಾಗಿ ಹೋದರೆ ಒಳ್ಳೆಯ ಮೀನು ಖಾಲಿ. ಒಮ್ಮೆ ಮೂರು ಗಂಟೆಗೆ ಹೋಗಿ ನಾನು ಬರೀ ಸಾರನ್ನ ಉಂಡು ಬಂದಿದ್ದೇನೆ.

ಅಪ್ಪ-ಅಮ್ಮ, ಮಕ್ಕಳು ಇದ್ದರೆ ಎಸಿ ಇರುವ ದೊಡ್ಡ ಹೋಟೆಲೇ ಸಲೀಸು. ಕೂರಲು ಜಾಗ, ಮೀನು ತಿನ್ನದವರಿಗೂ ಏನಾದರೂ ಸಿಗುತ್ತದೆ. ಇಸ್ವಾಣ (ಅಂಜಲ್ ಮೀನು), ಏಡಿಗೆ ರೇಟು ಮೊದಲೇ ಕೇಳಿಬಿಡಿ.

ಅಡುಗೆಮನೆ ಇರುವ ಹೋಂಸ್ಟೇಯಲ್ಲಿ ಉಳಿದಿದ್ದರೆ ಬೆಳಿಗ್ಗೆಯೇ ಮೀನು ಮಾರ್ಕೆಟ್ಟಿಗೆ ಹೋಗಿ. ಕಿವಿರು ಕೆಂಪಗಿರಬೇಕು, ಕಣ್ಣು ಹೊಳೆಯಬೇಕು. ಚೌಕಾಸಿ ಮಾಡಲು, ಕ್ಲೀನ್ ಮಾಡಿಸಲು ತಾಳ್ಮೆ ಬೇಕು. ನಾಲ್ಕೈದು ಜನರಿದ್ದರೆ ಲಾಭ, ಒಬ್ಬರಿಗೆ ಸುಮ್ನೆ ತಲೆನೋವು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಹೋದರೆ ಮೆನು ನೋಡಬೇಡಿ, 'ಇವತ್ತು ತಾಜಾ ಏನಿದೆ?' ಅಂತಲೇ ಕೇಳಿ.