13 ಹಲ್ಲಾ, 42 ಹಲ್ಲಾ? ಎಟಿವಿಗೆ ದೊಡ್ಡ ಟೈರ್ ಹಾಕಿದ್ಮೇಲೆ ಸ್ಪ್ರಾಕೆಟ್ ಬಿಚ್ಚಿ ಹಾಕಿ ನೋಡಿದ ಕಥೆ

ಹಾರೋಹಳ್ಳಿ ಕಡೆ ನಮ್ಮ ಮಾವನ ತೋಟದಲ್ಲಿ ಒಂದು ಸೆಕೆಂಡ್ ಹ್ಯಾಂಡ್ 250 ಸಿಸಿ ಎಟಿವಿ (ಕಲ್ಲುಮಣ್ಣಲ್ಲಿ ಓಡ್ಸೋ ದಪ್ಪ ಟೈರಿನ ನಾಲ್ಕು ಚಕ್ರದ ಬೈಕು) ಇದೆ, ಚೈನಾ ಮಾಲು, ರೋಡಿಗೆ ಇಳಿಸಂಗಿಲ್ಲ, ಹಂಗಾಗಿ ರಿಪೇರಿ ಅಂದ್ರೆ ಟಾಟಾ ಏಸ್ ಮೇಲೆ ಹೇರ್ಕೊಂಡು ಜಯನಗರಕ್ಕೆ ತರ್ಬೇಕು, ಇಲ್ಲಾ ಸ್ಪ್ಯಾನರ್ ಚೀಲ ಹಿಡ್ಕೊಂಡು ಭಾನುವಾರ ನಾನೇ ಅಲ್ಲಿಗೆ ಹೋಗ್ಬೇಕು. ಹಿಂದಿನ ಟೈರೆರಡೂ ಬೋಳಾಗಿದ್ವು, 20×10-10 ಸೈಜು, ಅಂದ್ರೆ ಎತ್ತರ 20 ಇಂಚು, ಅಗಲ 10, ರಿಮ್ 10. ಅದೇ 10 ಇಂಚಿನ ರಿಮ್ಮಿಗೆ 22×10-10 ಕೂರುತ್ತಲ್ಲ, ಬಂಡೆ ಮೇಲೆ ಅಡಿ ಉಜ್ಜೋದಾದ್ರೂ ತಪ್ಪುತ್ತೆ ಅಂತ ಅದನ್ನೇ ಹಾಕ್ಸ್ದೆ. ಉಜ್ಜೋದು ತಪ್ತು, ಆದ್ರೆ ಗಾಡಿ ಸತ್ತೋಯ್ತು.

ಸತ್ತೋಯ್ತು ಅಂದ್ರೆ, ಬಾವಿಯಿಂದ ಮೇಲಿನ ಪಂಪ್ ಮನೆಗೆ ಒಂದು ಏರಿದೆ, ಅರ್ಧ ಕೆಮ್ಮಣ್ಣು ಅರ್ಧ ಬರೀ ಬಂಡೆ. ಮುಂಚೆ ಹಿಂದಿನ ಕ್ಯಾರಿಯರ್ ಮೇಲೆ 45 ಕೆಜಿ ಯೂರಿಯಾ ಮೂಟೆ ಇಟ್ಕೊಂಡೂ ಸೆಕೆಂಡ್ ಗೇರಲ್ಲಿ ಹತ್ತೋದು. ಹೊಸ ಟೈರಲ್ಲಿ ಫಸ್ಟಿಗೆ ಹಾಕಿದ್ರೂ ಹಾಫ್ ಕ್ಲಚ್ ಹಿಡೀಬೇಕು, ಮೇಲೆ ತಲುಪೋ ಹೊತ್ತಿಗೆ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಮೂಗಿಗೆ ಬಡಿಯೋದು. ಮಾವ ಅಂತೂ "ಏನಪ್ಪಾ ಅಳಿಯಂದ್ರೇ, ಚೆನ್ನಾಗಿದ್ದಿದ್ದನ್ನ ಕೆಡಿಸಿಟ್ರಲ್ಲ" ಅಂತ ಎಲ್ಲರ ಮುಂದೆ ಅಂದ್ಬಿಟ್ರು.

ಸರಿ, ಲೆಕ್ಕ ಹಾಕೋಣ ಅಂತ ಕೂತೆ. ಟೈರ್ ಮೇಲೆ ಬರೆದಿರೋ 22 ಇಂಚನ್ನ ನಂಬ್ಕೊಂಡು ಲೆಕ್ಕ ಹಾಕ್ಬೇಡಿ, ಎಟಿವಿ ಟೈರಿಗೆ ಗಾಳಿ ಹಾಕೋದೇ ನಾಲ್ಕೈದು ಪಿಎಸ್‌ಐ, ಮನುಷ್ಯ ಕೂತ ತಕ್ಷಣ ಅಮುಕುತ್ತೆ. ನಾನು ಮಾಡಿದ್ದು ಇಷ್ಟೇ, ಟೈರಿಗೂ ನೆಲಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮೇಲೆ ಕೂತ್ಕೊಂಡು, ಬಾಮೈದನ ಕೈಲಿ ಒಂದು ಸುತ್ತು ತಳ್ಳಿಸಿ ಟೇಪ್ ಹಿಡಿದೆ. ಹಳೇದು 155 ಸೆಂಮೀ, ಹೊಸದು 169. ಅಂದ್ರೆ 9 ಪರ್ಸೆಂಟ್ ಜಾಸ್ತಿ. ಸ್ಪ್ರಾಕೆಟ್ ಅಂದ್ರೆ ಚೈನ್ ಕೂರೋ ಹಲ್ಲಿನ ಚಕ್ರ, ಗಾಡಿ ಜೊತೆ ಬಂದಿದ್ದು ಮುಂದೆ ಇಂಜಿನ್ ಕಡೆ 14 ಹಲ್ಲು, ಹಿಂದೆ ಆಕ್ಸಲ್ ಮೇಲೆ 38, ಭಾಗಿಸಿದ್ರೆ 2.71. ಈ ಅಂಕಿ ಜಾಸ್ತಿ ಆದಷ್ಟೂ ಎಳೆತ ಜಾಸ್ತಿ, ಸ್ಪೀಡ್ ಕಮ್ಮಿ. ಟೈರ್ ದೊಡ್ಡದಾಗಿದ್ರಿಂದ ಅದು 2.49 ಇದ್ದಂಗಾಯ್ತು, ಮತ್ತೆ ಪಿಕಪ್ ಎಲ್ಲಿಂದ ಬರುತ್ತೆ?

ಮೊದ್ಲು ಹಾಕಿದ್ದು ಮುಂದೆ 13. ಜೆ.ಸಿ. ರೋಡಲ್ಲಿ 450 ರೂಪಾಯಿಗೆ ಸಿಕ್ತು, ಗಾಡೀಲಿರೋ 520 ಸೈಜಿನ ಚೈನಿಗೆ ಹೊಂದೋದೇ, ಹಳೇ ಸ್ಪ್ರಾಕೆಟ್ ಕೈಲಿ ಹಿಡ್ಕೊಂಡು ಹೋಗಿ ಒಳಗಿನ ಗೀರುಗಳು ಹೊಂದುತ್ತಾ ಅಂತ ಒಂದರ ಮೇಲೊಂದು ಇಟ್ಟು ನೋಡಿ ತಂದೆ. ಹಾಕೋಕೆ ಅರ್ಧ ಗಂಟೆ, ಕವರ್ ತೆಗೆದ್ರೆ ಎರಡು ಪುಟ್ಟ ಬೋಲ್ಟು ಒಂದು ಲಾಕ್ ಪ್ಲೇಟು ಅಷ್ಟೇ. ಚೈನ್ ಅದೇ, ಹಿಂದಿನ ಆಕ್ಸಲ್ ಒಂದು 4 ಮಿಮೀ ಹಿಂದಕ್ಕೆ ಎಳೆದ್ರೆ ಲೂಸ್ ಹೋಯ್ತು. 38ನ್ನ 13ರಿಂದ ಭಾಗಿಸಿದ್ರೆ 2.92, ಟೈರ್ ಲೆಕ್ಕ ಕಳೆದ್ರೆ 2.68. ಹೆಚ್ಚೂಕಮ್ಮಿ ಹಳೇ ಗಾಡಿನೇ. ಅದೇ ಏರು, ಅದೇ ಮೂಟೆ, ಸೆಕೆಂಡಲ್ಲಿ ಹತ್ತಿತು.

ಆದ್ರೂ ಹಳೇ ಚುರುಕು ಪೂರ್ತಿ ಬರ್ಲಿಲ್ಲ, ಯಾಕೆ ಅಂತ ತಲೆ ಕೆಡಿಸ್ಕೊಂಡಿದ್ದೆ. ಕೊನೆಗೆ ಮೂಲೇಲಿ ಬಿದ್ದಿದ್ದ ಹಳೇ ಟೈರನ್ನೂ ಹೊಸದನ್ನೂ ಗೊಬ್ಬರದಂಗಡಿ ತಕ್ಕಡಿ ಮೇಲೆ ಹಾಕಿದ್ರೆ ಒಂದೊಂದು ಟೈರೂ ಎರಡೂವರೆ ಕೆಜಿ ಜಾಸ್ತಿ ಇದೆ! ಸ್ಪ್ರಾಕೆಟ್ ಸರಿ ಮಾಡೋದು ಟೈರಿನ ಎತ್ತರಾನ, ತೂಕಾನ ಅಲ್ಲ. ಬ್ರೇಕೂ ಅಷ್ಟೇ, ಡಿಸ್ಕ್ ಅದೇ ಟೈರ್ ದೊಡ್ಡದು, ಮುಂಚಿಗಿಂತ ಸ್ವಲ್ಪ ಜೋರಾಗಿ ತುಳೀಬೇಕು, ಇದಕ್ಕೆ ಯಾವ ಹಲ್ಲು ಹಾಕಿದ್ರೂ ಮದ್ದಿಲ್ಲ.

ಆಸೆ ಕೆಟ್ಟದ್ದು ನೋಡಿ, 13ರಲ್ಲೇ ಇಷ್ಟು ಎಳೆದ್ರೆ 12ರಲ್ಲಿ ಹೆಂಗಿರ್ಬೇಡ ಅಂತ ಅದನ್ನೂ ಹಾಕಿದೆ. ಒಂದೇ ಭಾನುವಾರ. ಏರು ಹತ್ತೋದೇನೋ ಕುದುರೆ ಹಂಗೆ ಹತ್ತಿತು, ಸಮತಟ್ಟಲ್ಲಿ ಮಾತ್ರ ಇಂಜಿನ್ ಒಂದೇ ಸಮ ಕಿರುಚ್ತಿತ್ತು. ಅದಕ್ಕಿಂತ ಸಂಕಟ ಅಂದ್ರೆ ಸ್ಪ್ರಾಕೆಟ್ ಅಷ್ಟು ಚಿಕ್ಕದಾದಾಗ ಚೈನ್ ತಗ್ಗಿಗೆ ಬಂದು ಸ್ವಿಂಗ್‌ಆರ್ಮ್ (ಹಿಂದಿನ ಆಕ್ಸಲ್ ಹಿಡಿದಿರೋ ತೋಳು) ಮೇಲಿನ ರಬ್ಬರನ್ನ ಉಜ್ಜುತ್ತೆ, ಸಂಜೆ ಹೊತ್ತಿಗೆ ಕೆಳಗೆಲ್ಲಾ ಇದ್ದಿಲ ಪುಡಿ ಹಂಗೆ ಕಪ್ಪು ಪುಡಿ ಉದುರಿತ್ತು. ಅವತ್ತೇ ಬಿಚ್ಚಿದೆ.

ಆಮೇಲೆ ಯಾರನ್ನ ಕೇಳಿದ್ರೂ ಒಂದೇ ಮಾತು, ಮುಂದೆ ಕಮ್ಮಿ ಮಾಡ್ಬಾರ್ದು ಸಾರ್, ಚೈನ್ ಬೇಗ ಹೋಗುತ್ತೆ, ಹಿಂದೆ ಜಾಸ್ತಿ ಮಾಡಿ. ಮಾತಲ್ಲಿ ನಿಜ ಇದೆ, ಚಿಕ್ಕ ಸ್ಪ್ರಾಕೆಟ್ ಸುತ್ತ ಚೈನ್ ಜಾಸ್ತಿ ಮಡಚ್ಕೋಬೇಕು, ಭಾರ ಹೊರೋ ಹಲ್ಲೂ ಕಮ್ಮಿ. ಮುಂದಿನ 14 ವಾಪಸ್ ಹಾಕಿ ಹಿಂದೆ 42 ಅಂತ ತೀರ್ಮಾನ ಮಾಡ್ದೆ, ಸರಿಯಾಗಿ 3, ಟೈರ್ ಕಳೆದ್ರೆ 2.75. ಈ ಗಾಡಿಗೆ ರೆಡಿಮೇಡ್ 42 ಎಲ್ಲೂ ಸಿಗ್ಲಿಲ್ಲ, ಪೀಣ್ಯದ ಒಂದು ಲೇತ್ ಶಾಪಲ್ಲಿ ಮಾಡಿಸ್ದೆ, 2,600 ಆಯ್ತು. ಮೊದಲ ಪೀಸಲ್ಲಿ ನಡುವಿನ ತೂತು ಒಂಚೂರು ಆಚೀಚೆ, ಗಾಡಿ ಎತ್ತಿ ಚಕ್ರ ಕೈಲಿ ತಿರುಗಿಸಿದ್ರೆ ಚೈನ್ ಒಂದು ಕಡೆ ತಂತಿ ಹಂಗೆ ಬಿಗಿ, ಅರ್ಧ ಸುತ್ತು ಬಿಟ್ರೆ ಜೋಲು. ಇನ್ನೊಂದು ಶನಿವಾರ ಪೀಣ್ಯ ಟ್ರಾಫಿಕ್ಕಲ್ಲಿ ನಿಂತು ಬದಲಾಯಿಸ್ಕೊಂಡು ಬಂದೆ. ಹಿಂದೆ 4 ಹಲ್ಲು ಜಾಸ್ತಿ ಆದ್ರೆ ಚೈನಿಗೆ 2 ಲಿಂಕ್ ಸೇರಿಸ್ಬೇಕು, ಇನ್ನೊಂದು ಚೈನ್ ಲಾಕು, ಅದೊಂದು ಖರ್ಚು.

ಓಡ್ಸೋಕೆ 42 ಚೆನ್ನಾಗಿದೆ, ಸುಳ್ಳು ಹೇಳಲ್ಲ. ಚೈನ್ ಸದ್ದು ಕಮ್ಮಿ, ಆಕ್ಸಿಲರೇಟರ್ ಬಿಟ್ಟು ಹಿಡಿದಾಗ ಆ ಟಕ್ ಅನ್ನೋ ಜರ್ಕೂ ಕಮ್ಮಿ. ಎಳೆತ ಮಾತ್ರ 13ಕ್ಕೂ ಇದಕ್ಕೂ ಕಣ್ಮುಚ್ಚಿ ಓಡಿಸಿದ್ರೆ ಗೊತ್ತಾಗಲ್ಲ. ನೆಲಕ್ಕೆ ತಾಗುತ್ತೆ ಅಂತ ಹೆದರಿಸಿದ್ರು, ಅದು ದೊಡ್ಡ ವಿಷಯ ಅಲ್ಲ, 42ರ ಸ್ಪ್ರಾಕೆಟ್ 38ಕ್ಕಿಂತ ಕೆಳಗೆ ಇಳಿಯೋದು 10 ಮಿಮೀ, ಟೈರ್ ಆಕ್ಸಲನ್ನ ಎತ್ತಿರೋದು 20 ಮಿಮೀ ಮೇಲೆ. ನನ್ನ ಲೆಕ್ಕದಲ್ಲಿ ಬರದೇ ಇದ್ದಿದ್ದು ಹಿಂದಿನ ಸ್ಪ್ರಾಕೆಟ್ಟಿಗೆ ಏನೂ ಸಿಕ್ಕಾಕೊಳ್ದಂಗೆ ಕಾಯೋ ಗಾರ್ಡು. ಕಂಪನಿ ಗಾರ್ಡ್ 38ರ ಸುತ್ತಳತೆಗೆ ಬಗ್ಗಿಸಿದ್ದು, 42ಕ್ಕೆ ಕೂರಲ್ಲ, ಬಿಚ್ಚಿಟ್ಟು ಓಡಿಸ್ತಿದ್ದೆ. ಮೂರನೇ ವಾರ ತೆಂಗಿನ ಸಾಲಲ್ಲಿ ಬಿದ್ದಿದ್ದ ಮಟ್ಟೆಯೊಂದು ಚೈನಿಗೂ ಸ್ಪ್ರಾಕೆಟ್ಟಿಗೂ ಮಧ್ಯೆ ಸಿಕ್ಕಾಕೊಂಡು ಚೈನ್ ಆಚೆ ಬಂತು, ಎರಡು ಹಲ್ಲು ಒಂದು ಪಕ್ಕಕ್ಕೆ ವಾಲಿದ್ವು. ನಾರು ಬಿಡಿಸೋಕೆ ಮಚ್ಚು ತಗೊಂಡು ಒಂದು ಗಂಟೆ ಕೂತಿದ್ದೆ.

ಹಂಗಾಗಿ ಈಗ ಗಾಡೀಲಿರೋದು ಅದೇ 450 ರೂಪಾಯಿ 13, ಹಿಂದೆ ಹಳೇ 38, ಮೇಲೆ ಗಾರ್ಡು. ತೆಂಗಿನ ತೋಟ, ಕಲ್ಲು, ಮೂಟೆ ಕೆಲಸ ಇರೋರಿಗೆ ನಾನು ಹೇಳೋದೂ ಇದೇನೇ, ಚೈನ್ ಬೇಗ ಸವೆದ್ರೆ ಸವೀಲಿ, ಎಣ್ಣೆ ಬಿಡ್ತಾ ಇರಿ. ಬಯಲಲ್ಲಿ ಸುಮ್ನೆ ಮಜಾಕ್ಕೆ ಓಡ್ಸೋರಾದ್ರೆ 42 ಹಾಕ್ಸಿ, ಜೊತೆಗೇ ಗಾರ್ಡನ್ನೂ ಹೊಸದಾಗಿ ಬಗ್ಗಿಸೋಕೆ ಹೇಳಿ. ನನ್ನ 42 ಪಂಪ್ ಮನೆ ಗೋಡೆ ಮೊಳೇಲಿ ನೇತಾಡ್ತಿದೆ, ಆ ಎರಡು ಹಲ್ಲು ಸುತ್ತಿಗೇಲಿ ನೆಟ್ಟಗೆ ಮಾಡಿದೀನಿ, ಮತ್ತೆ ಹಾಕೋ ಧೈರ್ಯ ಇನ್ನೂ ಬಂದಿಲ್ಲ.